ಜೆಲ್ ಉಗುರು: ಒಮ್ಮೆ ಬಂದರೆ ಬಿಡದ ಅಲರ್ಜಿ

ಚೆನ್ನೈಯ ಟಿ. ನಗರ, ಅಣ್ಣಾನಗರದಂಥ ಕಡೆ ಬ್ಯೂಟಿ ಪಾರ್ಲರುಗಳಲ್ಲಿ ಜೆಲ್ ನೇಲ್ಸ್, ಅಕ್ರಿಲಿಕ್ ಎಕ್ಸ್‌ಟೆನ್ಷನ್ ಮಾಡಿಸಿಕೊಳ್ಳುವವರಿದ್ದಾರೆ. ಗ್ರಾಹಕರು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಾರೆ. ಉಗುರು ಮಾಡುವ ಹುಡುಗಿ ಮಾತ್ರ ದಿನವಿಡೀ ಅದೇ ದ್ರವ, ಅದೇ ಪುಡಿಯ ನಡುವೆ ಕೂತಿರುತ್ತಾಳೆ. ಮೊದಲ ಪೆಟ್ಟು ಬೀಳುವುದು ಅವಳ ಬೆರಳ ತುದಿಗೇ.

ಬಹಳಷ್ಟು ಜೆಲ್‌ಗಳಲ್ಲಿರುವ ರಾಸಾಯನಿಕ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್; ಚಿಕ್ಕದಾಗಿ ಎಚ್‌ಇಎಂಎ. ಯುವಿ ದೀಪದಡಿ ಇದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಪೂರ್ತಿ ಗಟ್ಟಿಯಾದ ಜೆಲ್‌ನಿಂದ ಅಪಾಯ ಕಡಿಮೆ. ತೊಂದರೆ ಇರುವುದು ಹಸಿ ಜೆಲ್‌ನಲ್ಲಿ, ದೀಪದ ಬಲ ಸಾಲದೆ ಅರೆಬರೆ ಗಟ್ಟಿಯಾದ ಪದರದಲ್ಲಿ, ಅದನ್ನು ಉಜ್ಜುವಾಗ ಏಳುವ ಪುಡಿಯಲ್ಲಿ. 500 ಡಾಲ್ಟನ್‌ಗಿಂತ ಹಗುರವಾದ ಅಣುಗಳು ಚರ್ಮದೊಳಗೆ ಇಳಿಯಬಲ್ಲವು. ಎಚ್‌ಇಎಂಎ ತೂಕ ಸುಮಾರು 130. ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಒಮ್ಮೆ ಶತ್ರುವೆಂದು ಗುರುತಿಟ್ಟುಕೊಂಡರೆ, ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಬೆರಳ ತುದಿ ಒಡೆಯುವುದು, ತುರಿಕೆ, ಉಗುರು ಮೇಲೇಳುವುದು, ಕಣ್ಣುರೆಪ್ಪೆ ಊದುವುದು ಇದರ ಲಕ್ಷಣಗಳು. ಇಸಬೆಂದೋ ಉಗುರುಸುತ್ತೆಂದೋ ಮುಲಾಮು ಹಚ್ಚಿ ಕೆಲಸ ಮುಂದುವರಿಸಿದರೆ ಕಾಯಿಲೆ ಬಲಿಯುತ್ತದೆ. ಹಲ್ಲಿನ ಫಿಲ್ಲಿಂಗ್‌ನಲ್ಲೂ ಮಂಡಿ ಬದಲಿಸುವಾಗ ಬಳಸುವ ಸಿಮೆಂಟಿನಲ್ಲೂ ಇದೇ ಕುಟುಂಬದ ರಾಸಾಯನಿಕಗಳಿವೆ. ಹಾಗಾಗಿ ಇಪ್ಪತ್ತರಲ್ಲಿ ಬಂದ ಅಲರ್ಜಿ ಅರವತ್ತರ ಚಿಕಿತ್ಸೆಗೂ ಅಡ್ಡ ಬರಬಹುದು.

ಐರೋಪ್ಯ ಒಕ್ಕೂಟ 2020ರಲ್ಲೇ ನಿಯಮ ತಂದು, ಉಗುರಿನ ಉತ್ಪನ್ನಗಳಲ್ಲಿ ಎಚ್‌ಇಎಂಎ ಇದ್ದರೆ ವೃತ್ತಿಪರರಷ್ಟೇ ಬಳಸಬೇಕು, ಅಲರ್ಜಿಯ ಎಚ್ಚರಿಕೆ ಮುದ್ರಿಸಬೇಕು ಎಂದಿತು. ಜೆಲ್ ಗಟ್ಟಿಯಾಗಲು ಬೆರೆಸುವ ಟಿಪಿಒ ಎಂಬ ರಾಸಾಯನಿಕವನ್ನು ಸಂತಾನಶಕ್ತಿಗೆ ಹಾನಿಕರವೆಂದು ವರ್ಗೀಕರಿಸಿ, 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಈ ನಿಯಮಗಳು ಚೆನ್ನೈಯ ಹುಡುಗಿಯನ್ನು ಕಾಯುವುದಿಲ್ಲ. ‘ವೃತ್ತಿಪರರಿಗೆ ಮಾತ್ರ’ ಎಂಬ ಲೇಬಲ್ ಗ್ರಾಹಕರನ್ನು ಕಾಯಬಹುದು. ವೃತ್ತಿಪರಳನ್ನೇ ಕಾಯುವುದು ತರಬೇತಿ ಮತ್ತು ಗಾಳಿಯಾಡುವ ಕೋಣೆ.

ಬಾಗಿಲು ಮುಚ್ಚಿದ ಎ.ಸಿ. ಕೋಣೆ ತಂಪಾದರೂ ಆವಿ ಹೊರಹೋಗುವುದಿಲ್ಲ. ಮೇಜಿನ ಬಳಿಯೇ ಪುಡಿ, ಆವಿ ಎಳೆದು ಹೊರಹಾಕುವ ಫ್ಯಾನ್ ಬೇಕು. ಸರ್ಜಿಕಲ್ ಮಾಸ್ಕ್ ಆವಿಯನ್ನು ತಡೆಯದು. ತೆಳು ಗ್ಲೌಸ್‌ಗಳನ್ನು ಮೆಥಾಕ್ರಿಲೇಟ್ ನಿಮಿಷಗಳಲ್ಲೇ ದಾಟುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿ, ಜೆಲ್ ತಾಗಿದ ಕೂಡಲೇ ಬದಲಿಸಬೇಕು. ಜೆಲ್ ಪೂರ್ತಿ ಗಟ್ಟಿಯಾಗುವಂತೆ ದೀಪ, ಜೆಲ್ ಒಂದೇ ಕಂಪನಿಯದಾಗಿರಲಿ.

ಹತ್ತು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ, ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವ ಪಾರ್ಲರಿನ ಮಾಲೀಕರು ಹುಡುಗಿಯರನ್ನು ಅದರಲ್ಲಿ ನೋಂದಾಯಿಸಲೇಬೇಕು. ಬೆರಳು ತುರಿಸತೊಡಗಿದರೆ ಮೆಡಿಕಲ್ ಶಾಪಿನ ಮುಲಾಮಿಗೆ ಹೋಗಬೇಡಿ. ಚರ್ಮವೈದ್ಯರಿಗೆ ನಿಮ್ಮ ಕೆಲಸವೇನೆಂದು ಹೇಳಿ, ಅಲರ್ಜಿ ಪತ್ತೆಯ ಪ್ಯಾಚ್ ಟೆಸ್ಟ್ ಮಾಡಿಸಿಕೊಳ್ಳಿ.