ಎಲ್ಲರಿಗೂ ಮನೆ ಸಿಗಲೆಂದು ಹೋರಾಡಿದ ವಿಂಗ್ ಲೂಕ್

ಅಮೆರಿಕದ ವಾಯವ್ಯ ಮೂಲೆಯಲ್ಲಿ ಸಿಯಾಟಲ್ ಎಂಬ ದೊಡ್ಡ ನಗರವಿದೆ. ಒಂದು ಕಡೆ ಕಡಲಿನ ಕೊಲ್ಲಿ, ಇನ್ನೊಂದು ಕಡೆ ಹಿಮ ಹೊದ್ದ ಬೆಟ್ಟಸಾಲು, ನಡುವೆ ಕೆರೆಗಳು. ನಮ್ಮ ಅನೇಕ ಅಜ್ಜ ಅಜ್ಜಿಯರಿಗೆ ಈ ಊರು ಹೊಸದಲ್ಲ. ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಮಗನೋ ಮಗಳೋ ಅಲ್ಲಿದ್ದಾರೆ. ಬೇಸಿಗೆಯಲ್ಲಿ ಹೋಗಿ ಮೊಮ್ಮಕ್ಕಳ ಜೊತೆ ನಾಲ್ಕಾರು ತಿಂಗಳು ಇದ್ದು ಬಂದವರೂ ಇದ್ದಾರೆ. ಈಗ ಅಲ್ಲಿ ಮನೆ ಕೇಳಲು ಹೋದವರ ಮೈಬಣ್ಣ ನೋಡಿ ಬಾಗಿಲು ಹಾಕಿದರೆ ಅದು ಕಾನೂನಿಗೆ ವಿರುದ್ಧ.

ಅರವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಸಿಯಾಟಲ್‌ನ ಎಷ್ಟೋ ಬಡಾವಣೆಗಳ ಮನೆಪತ್ರಗಳಲ್ಲೇ ಒಂದು ಷರತ್ತು ಬರೆದಿರುತ್ತಿತ್ತು: ಬಿಳಿಯರಲ್ಲದವರು ಈ ಮನೆಯನ್ನು ಕೊಳ್ಳುವಂತಿಲ್ಲ, ಇಲ್ಲಿ ವಾಸಿಸುವಂತಿಲ್ಲ. ಮನೆಗೆಲಸದವರಾಗಿ ಇರಬಹುದು, ಅಷ್ಟೆ! 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. ಆದರೂ ಮನೆ ಮಾರುವವರು, ದಲ್ಲಾಳಿಗಳು ಹಳೆಯ ಪದ್ಧತಿ ಬಿಡಲಿಲ್ಲ. 'ಮನೆ ಖಾಲಿ ಇದೆ' ಎಂಬ ಫಲಕ ನೋಡಿ ಹೋದರೆ, 'ಈಗತಾನೆ ಹೋಯಿತು' ಎಂಬ ಉತ್ತರ ಬರುತ್ತಿತ್ತು. ಬಾಡಿಗೆ ಮನೆ ಹುಡುಕುವಾಗ 'ನೀವು ಯಾವ ಜನ?' ಎಂಬ ಪ್ರಶ್ನೆ ಕೇಳಿಸಿಕೊಂಡ ನಮ್ಮವರಿಗೆ ಆ ಉತ್ತರದ ನೋವು ಬೇಗ ಅರ್ಥವಾದೀತು.

ಆ ಪದ್ಧತಿಯ ವಿರುದ್ಧ ನಗರಸಭೆಯ ಒಳಗಿನಿಂದಲೇ ದನಿ ಎತ್ತಿದವರಲ್ಲಿ ಮುಖ್ಯನಾದವನು ವಿಂಗ್ ಲೂಕ್ ಎಂಬ ಚೀನೀ ಮೂಲದ ವಕೀಲ.

ಲಾಂಡ್ರಿ ಅಂಗಡಿಯ ಹುಡುಗ

ವಿಂಗ್ ಹುಟ್ಟಿದ್ದು 1925ರ ಫೆಬ್ರವರಿ 25ರಂದು, ದಕ್ಷಿಣ ಚೀನಾದ ಕ್ಯಾಂಟನ್ ನಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಆರು ವರ್ಷದವನಿದ್ದಾಗ ಅವನ ಕುಟುಂಬ ಸಿಯಾಟಲ್‌ಗೆ ಬಂತು. ಅಪ್ಪ ಅಲ್ಲಿ ಬಟ್ಟೆ ಒಗೆಯುವ ಲಾಂಡ್ರಿ ನಡೆಸಿದರು, ದಿನಸಿ ಅಂಗಡಿಯನ್ನೂ ಇಟ್ಟರು.

ಆ ಕಾಲದಲ್ಲಿ ಚೀನೀಯರಿಗೆ ಅಮೆರಿಕ ಸುಲಭದ ನೆಲವಾಗಿರಲಿಲ್ಲ. ರೈಲು ಹಳಿ ಹಾಕಲು, ಗಣಿ ಅಗೆಯಲು ಮೊದಲು ಅವರು ಬೇಕಾಗಿದ್ದರು. ಕೆಲಸ ಮುಗಿದ ಮೇಲೆ ಬೇಡವಾದರು. 1882ರಲ್ಲಿ ಚೀನೀ ಕೂಲಿಗಾರರು ದೇಶದೊಳಗೆ ಬಾರದಂತೆ ಕಾನೂನೇ ಬಂತು. 1886ರಲ್ಲಿ ಸಿಯಾಟಲ್‌ನಲ್ಲೇ ಒಂದು ಗುಂಪು ನೂರಾರು ಚೀನೀಯರನ್ನು ಮನೆಗಳಿಂದ ಹೊರಹಾಕಿ, ಊರು ಬಿಡಿಸಲೆಂದು ಹಡಗುಕಟ್ಟೆಗೆ ಅಟ್ಟಿತ್ತು. 1882ರ ಕಾನೂನು ರದ್ದಾದದ್ದು 1943ರಲ್ಲಿ. ಆಗಲೂ ಇಡೀ ವರ್ಷಕ್ಕೆ 105 ಮಂದಿ ಚೀನೀಯರಿಗಷ್ಟೇ ಪ್ರವೇಶ!

ಇಂಥ ದಿನಗಳಲ್ಲಿ ಶಾಲೆಗೆ ಸೇರಿದ ವಿಂಗ್‌ನನ್ನು ಕೆಲವು ಹುಡುಗರು ಕಾಡಿದರು, ಚೀನೀಯನೆಂದು ಹಂಗಿಸಿದರು. ವಿಂಗ್‌ಗೆ ಚಿತ್ರ ಬರೆಯುವುದು ಚೆನ್ನಾಗಿ ಬರುತ್ತಿತ್ತು. ಕಾರ್ಟೂನು ಬರೆದು, ಸ್ನೇಹದಿಂದ ನಡೆದುಕೊಂಡು ಅವನು ಜೊತೆಯ ಹುಡುಗರನ್ನು ಗೆದ್ದುಕೊಂಡ. ಮುಂದೆ ಸಾವಿರಾರು ಅಪರಿಚಿತರ ಮತ ಗೆಲ್ಲಲು ಇದೇ ಗುಣ ಅವನ ನೆರವಿಗೆ ಬಂತು. ರೂಸ್‌ವೆಲ್ಟ್ ಹೈಸ್ಕೂಲಿನಲ್ಲಿ ಓದುವಾಗ ಅವನು ವಿದ್ಯಾರ್ಥಿ ಸಂಘದ ಅಧ್ಯಕ್ಷನಾಗಿ ಆರಿಸಿ ಬಂದ.

1944ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಸೇನೆಯಿಂದ ಕರೆ ಬಂತು. ನ್ಯೂಗಿನಿ, ಫಿಲಿಪೀನ್ಸ್, ಕೊರಿಯಾಗಳಲ್ಲಿ ಸೇವೆ ಸಲ್ಲಿಸಿದ ವಿಂಗ್‌ಗೆ 'ಬ್ರಾಂಜ್ ಸ್ಟಾರ್' ಪದಕವೂ ಬಂತು. ಆದರೆ ದೇಶಕ್ಕಾಗಿ ಪ್ರಾಣ ಪಣಕ್ಕಿಟ್ಟ ಸೈನಿಕನಿಗೂ, ಬಿಳಿಯನಲ್ಲದಿದ್ದರೆ ಊರಿಗೆ ಮರಳಿದಾಗ ಇಷ್ಟಪಟ್ಟ ಬೀದಿಯಲ್ಲಿ ಮನೆ ಸಿಗುವ ಖಾತರಿಯಿರಲಿಲ್ಲ.

ಕರಿಕೋಟಿನಿಂದ ನಗರಸಭೆಗೆ

ಯುದ್ಧ ಮುಗಿದ ಮೇಲೆ ವಿಂಗ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿದರು. ಅಲ್ಲಿಯೇ ಕಾನೂನು ಪದವಿಯನ್ನೂ ಪಡೆದರು. (ಸಿಯಾಟಲ್ ಇರುವ ರಾಜ್ಯದ ಹೆಸರೂ ವಾಷಿಂಗ್ಟನ್. ಮಕ್ಕಳೇ, ಅಮೆರಿಕದ ರಾಜಧಾನಿ ಬೇರೆ, ಈ ರಾಜ್ಯ ಬೇರೆ, ನೆನಪಿರಲಿ.) 1957ರಲ್ಲಿ ಅವರು ಆ ರಾಜ್ಯದ ಸಹಾಯಕ ಅಟಾರ್ನಿ ಜನರಲ್ ಆದರು. ನಾಗರಿಕ ಹಕ್ಕುಗಳ ವಿಭಾಗ ಅವರ ಪಾಲಿಗೆ ಬಂತು. ಬಣ್ಣದ ಕಾರಣಕ್ಕೆ ಕೆಲಸ ಸಿಗದವರ, ಮನೆ ಸಿಗದವರ ದೂರುಗಳು ಬರುತ್ತಿದ್ದ ಜಾಗ ಅದು. ಕಾನೂನು ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಅಲ್ಲಿ ದಿನವೂ ಕಾಣಬಹುದಿತ್ತು. ಕಾನೂನು ಸಾಲದಿದ್ದರೆ ಹೊಸದನ್ನು ಮಾಡಬೇಕು. ಅದಕ್ಕೆ ಕಾನೂನು ಮಾಡುವ ಜಾಗಕ್ಕೇ ಹೋಗಬೇಕು.

1962ರಲ್ಲಿ ವಿಂಗ್ ಸಿಯಾಟಲ್ ನಗರಸಭೆಯ ಚುನಾವಣೆಗೆ ನಿಂತರು. ಊರಿನ ಜನಸಂಖ್ಯೆಯಲ್ಲಿ ಚೀನೀಯರು ನೂರಕ್ಕೆ ಒಬ್ಬರೂ ಇರಲಿಲ್ಲ. ತಮ್ಮವರ ಮತ ನಂಬಿಕೊಂಡರೆ ಠೇವಣಿಯೂ ಉಳಿಯುವುದಿಲ್ಲ ಎನ್ನುವಂಥ ಲೆಕ್ಕ ಅದು. ಚೀನಾ ಕಮ್ಯುನಿಸ್ಟ್ ದೇಶವಾಗಿದ್ದ ಕಾಲವಾದ್ದರಿಂದ, ವಿಂಗ್ ಕೂಡ ಕಮ್ಯುನಿಸ್ಟ್ ಎಂಬ ಗುಸುಗುಸು ಹಬ್ಬಿಸಲಾಯಿತು. ಅವರು ಎದೆಗುಂದಲಿಲ್ಲ. ಎಲ್ಲ ಬಣ್ಣದ ಜನರೂ ಅವರ ಪರವಾಗಿ ಓಡಾಡಿದರು. ಫಲಿತಾಂಶ ಬಂದಾಗ ವಿಂಗ್ ಸುಮಾರು 30,000 ಮತಗಳ ಅಂತರದಿಂದ ಗೆದ್ದಿದ್ದರು! ಆಗ ಅವರ ವಯಸ್ಸು 37. ಸಿಯಾಟಲ್ ನಗರಸಭೆಯಲ್ಲಿ ಕುಳಿತ, ಬಿಳಿಯರಲ್ಲದ ಮೊದಲ ಸದಸ್ಯ ಅವರೇ. ವಾಷಿಂಗ್ಟನ್ ರಾಜ್ಯದಲ್ಲಿ ಚುನಾವಣೆ ಗೆದ್ದು ಅಧಿಕಾರಕ್ಕೆ ಬಂದ ಮೊದಲ ಏಷ್ಯಾ ಮೂಲದವರೂ ಅವರೇ.

ಸೋತ ಮತ

ನಗರಸಭೆಯಲ್ಲಿ ವಿಂಗ್ ಹಿಡಿದ ದೊಡ್ಡ ಕೆಲಸವೆಂದರೆ ಮುಕ್ತ ವಸತಿ ಕಾನೂನು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ, ಜನಾಂಗ, ಧರ್ಮ ನೋಡಿ ನಿರಾಕರಿಸಬಾರದು ಎಂಬುದು ಅದರ ಸಾರ. ಹೊರಗೆ ಬೀದಿಯಲ್ಲಿಯೂ ಚಳವಳಿ ಎದ್ದಿತ್ತು. 1963ರ ಜುಲೈನಲ್ಲಿ ನೂರಾರು ಜನ ನಗರಸಭೆಗೆ ಮೆರವಣಿಗೆ ಹೋದರು. ಯುವಕ ಯುವತಿಯರ ಒಂದು ಗುಂಪು ಮೇಯರ್ ಕಚೇರಿಯಲ್ಲೇ ಧರಣಿ ಕೂತಿತು.

ಕೊನೆಗೆ ಪ್ರಶ್ನೆಯನ್ನು ಊರಿನ ಮತದಾರರ ಮುಂದಿಡಲಾಯಿತು. 1964ರ ಮಾರ್ಚ್‌ನಲ್ಲಿ ಮತದಾನ ನಡೆಯಿತು. ಬೇಕು ಎಂದವರು 54,448. ಬೇಡ ಎಂದವರು 1,15,627. ಎರಡು ವರ್ಷಗಳ ಹಿಂದೆ ಚೀನೀ ಮೂಲದವನನ್ನು ಸಂತೋಷದಿಂದ ಆರಿಸಿದ ಊರು ಅದೇ! ನಗರಸಭೆಯಲ್ಲಿ ಅವನು ಕುಳಿತರೆ ಸರಿ, ಪಕ್ಕದ ಮನೆಗೆ ಅವನಂಥವರು ಬರುವುದು ಮಾತ್ರ ಬೇಡ. ಊರು ಹೇಳಿದ್ದು ಹೆಚ್ಚು ಕಡಿಮೆ ಹೀಗೆ.

ಸೋತರೂ ವಿಂಗ್ ಕುರ್ಚಿ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಸಿಯಾಟಲ್‌ನಲ್ಲಿ 1907ರಿಂದ ನಡೆದುಬಂದ ಪೈಕ್ ಪ್ಲೇಸ್ ಎಂಬ ಮಾರುಕಟ್ಟೆಯಿದೆ. ಮೀನುಗಾರರು, ಹೂ ತರಕಾರಿ ಬೆಳೆದ ರೈತರು ಗಿರಾಕಿಗಳಿಗೆ ನೇರವಾಗಿ ಮಾರುವ ಸಂತೆ ಅದು. ಅದನ್ನು ಕೆಡವಿ ದೊಡ್ಡ ಕಟ್ಟಡ ಕಟ್ಟುವ ಯೋಜನೆ ಬಂದಾಗ, ಉಳಿಸಿಕೊಳ್ಳಬೇಕು ಎಂದವರಲ್ಲಿ ವಿಂಗ್ ಕೂಡ ಒಬ್ಬರು. 1971ರಲ್ಲಿ ಜನರೇ ಮತ ಹಾಕಿ ಆ ಮಾರುಕಟ್ಟೆಯನ್ನು ಉಳಿಸಿದರು. ಇಂದು ಸಿಯಾಟಲ್‌ಗೆ ಹೋದ ಪ್ರವಾಸಿಗರು ತಪ್ಪದೆ ನೋಡುವ ಜಾಗ ಅದು.

ಬೆಟ್ಟದಲ್ಲಿ ಮರೆಯಾದ ವಿಮಾನ

1965ರ ಮೇ 16. ಮೀನು ಹಿಡಿಯುವ ವಿಹಾರ ಮುಗಿಸಿ ವಿಂಗ್ ಒಂದು ಪುಟ್ಟ ವಿಮಾನದಲ್ಲಿ ಸಿಯಾಟಲ್‌ಗೆ ಮರಳುತ್ತಿದ್ದರು. ಓಡಿಸುತ್ತಿದ್ದವರು ಗೆಳೆಯ ಸಿಡ್ನಿ ಗರ್ಬರ್. ಬಿಳಿಯರ ಬಡಾವಣೆಗಳಲ್ಲಿ ಕರಿಯ ಕುಟುಂಬಗಳಿಗೆ ಮನೆ ಸಿಗಲೆಂದು ಸಂಸ್ಥೆ ಕಟ್ಟಿ ದುಡಿದ ವ್ಯಕ್ತಿ ಅವರು. ಜೊತೆಗೆ ಇನ್ನೊಬ್ಬರಿದ್ದರು. ಕ್ಯಾಸ್ಕೇಡ್ ಪರ್ವತಗಳ ನಡುವೆ ವಿಮಾನ ಕಣ್ಮರೆಯಾಯಿತು. ಜನ ಹಣ ಕೂಡಿಸಿ ಹುಡುಕಾಟಕ್ಕೆ ನೆರವಾದರು. ದಿನಗಳು, ವಾರಗಳು ಉರುಳಿದರೂ ಸುಳಿವು ಸಿಗಲಿಲ್ಲ. ವಿಂಗ್‌ಗೆ ಆಗ ಬರೀ ನಲವತ್ತು ವರ್ಷ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಅದಾದ ಹದಿನೈದೇ ದಿನಕ್ಕೆ, ಏಪ್ರಿಲ್ 19ರಂದು, ಸಿಯಾಟಲ್ ನಗರಸಭೆ ಮುಕ್ತ ವಸತಿ ಕಾನೂನನ್ನು ಒಮ್ಮತದಿಂದ ಒಪ್ಪಿತು. ಅದನ್ನು ಮುಂದಿಟ್ಟವರು ನಗರಸಭೆಯ ಮೊದಲ ಕರಿಯ ಸದಸ್ಯ ಸ್ಯಾಮ್ ಸ್ಮಿತ್. ಅದೇ ವರ್ಷ, ವಿಮಾನದ ಅವಶೇಷಗಳೂ ಬೆಟ್ಟದಲ್ಲಿ ಸಿಕ್ಕವು.

ಅಜ್ಜನ ಪೆಟ್ಟಿಗೆ, ಊರಿನ ಆಸ್ತಿ

ವಿಂಗ್‌ಗೆ ಇನ್ನೊಂದು ಆಸೆಯಿತ್ತು. ಸಿಯಾಟಲ್‌ನ ಚೀನೀ ಪೇಟೆಯಲ್ಲಿ ಹಳೆಯ ತಲೆಮಾರು ಮರೆಯಾಗುತ್ತಿತ್ತು. ಅವರು ತಂದ ಪೆಟ್ಟಿಗೆ, ಪತ್ರ, ಪಾತ್ರೆ ಪಡಗಗಳ ಜೊತೆ ಅವರ ಕಥೆಗಳೂ ಕಳೆದುಹೋಗಬಾರದು, ಅವಕ್ಕೊಂದು ಮನೆ ಬೇಕು ಎನ್ನುವುದು ಅವರ ಯೋಚನೆ. ಹುಡುಕಾಟಕ್ಕೆ ಕೂಡಿದ ಹಣದಲ್ಲಿ ಮಿಕ್ಕದ್ದನ್ನು ಈ ಆಸೆಗೇ ಬಳಸಲಾಯಿತು. 1967ರಲ್ಲಿ ಒಂದು ಚಿಕ್ಕ ಮಳಿಗೆಯಲ್ಲಿ ವಿಂಗ್ ಲೂಕ್ ವಸ್ತುಸಂಗ್ರಹಾಲಯ ಶುರುವಾಯಿತು.

2008ರಿಂದ ಅದು ದೊಡ್ಡ ಕಟ್ಟಡದಲ್ಲಿದೆ. ಆ ಕಟ್ಟಡದ ಕಥೆಯೂ ಸೊಗಸು. 1910ರಲ್ಲಿ 170 ಮಂದಿ ಚೀನೀ ವಲಸಿಗರು ತಮ್ಮ ದುಡಿಮೆಯ ಹಣ ಕೂಡಿಸಿ ಕಟ್ಟಿಸಿದ್ದು ಅದು. ದೂರದೇಶದಿಂದ ಬಂದ ಕೂಲಿಗಾರರು ತಂಗುತ್ತಿದ್ದ ಪುಟ್ಟ ಕೋಣೆಗಳನ್ನು, ಹಳೆಯ ಚೀನೀ ಅಂಗಡಿಯೊಂದನ್ನು ಅಲ್ಲಿ ಈಗಲೂ ನೋಡಬಹುದು. ಚೀನೀಯರದ್ದಷ್ಟೇ ಅಲ್ಲ, ಏಷ್ಯಾದ ಬೇರೆ ಬೇರೆ ಕಡೆಯಿಂದ ಬಂದವರ ಕಥೆಗಳಿಗೂ ಅಲ್ಲಿ ಜಾಗವಿದೆ.

ವಿಂಗ್ ಗೆದ್ದ ವರ್ಷ ಸಿಯಾಟಲ್‌ನಲ್ಲಿ ಹನ್ನೆರಡು ವರ್ಷದ ಇನ್ನೊಬ್ಬ ಚೀನೀ ಮೂಲದ ಹುಡುಗನಿದ್ದ, ಹೆಸರು ಗ್ಯಾರಿ ಲಾಕ್. ಅವನೂ ಮುಂದೆ ವಕೀಲನಾದ. 1996ರಲ್ಲಿ ವಾಷಿಂಗ್ಟನ್ ರಾಜ್ಯದ ಗವರ್ನರ್ ಆಗಿ ಆಯ್ಕೆಯಾದ; ಚೀನೀ ಮೂಲದವರೊಬ್ಬರು ಅಮೆರಿಕದ ರಾಜ್ಯವೊಂದರ ಗವರ್ನರ್ ಆದದ್ದು ಅದೇ ಮೊದಲು.

ವಿಂಗ್ ಲೂಕ್ ನಗರಸಭೆಯಲ್ಲಿ ಇದ್ದದ್ದು ಮೂರೇ ವರ್ಷ. ಅವರ ಮುಖ್ಯ ಕಾನೂನು ಅವರು ಬದುಕಿದ್ದಾಗ ಸೋತಿತು, ಅವರು ಹೋದ ಮೇಲೆ ಗೆದ್ದಿತು. ಅಜ್ಜಂದಿರು ಮಾವಿನ ಸಸಿ ನೆಡುವುದು ಹಣ್ಣು ತಾವೇ ತಿನ್ನುತ್ತೇವೆಂದು ಅಲ್ಲವಲ್ಲ!