ಮಗ ಹೀಗೆ ಅಂತ ತಿಳಿದ ದಿನ ತಾಯಿ ಏನು ಮಾಡಬೇಕು?

ಬೆಳೆದ ಮಗ ಒಂದು ದಿನ ಅಡಿಗೆಮನೆ ಬಾಗಿಲಲ್ಲಿ ನಿಂತು, “ಅಮ್ಮಾ, ನನಗೆ ಹೆಣ್ಣು ನೋಡಬೇಡ. ನನ್ನ ಮನಸ್ಸು ಹೆಣ್ಣಿನ ಕಡೆ ಹೋಗೋದೇ ಇಲ್ಲ” ಅಂದರೆ ನೀವೇನು ಮಾಡುತ್ತೀರಿ? ಇಲ್ಲವೇ ಮಗಳು ಬಂದು, ಗೆಳತಿಯ ಜೊತೆಗೇ ಬಾಳುತ್ತೇನೆ ಅಂದರೆ? ಕೈಲಿದ್ದ ಸೌಟು ಕೆಳಗೆ ಬೀಳುವುದು ಸಹಜ. ಇದು ಯಾವ ಮತದ ಮನೆಯಲ್ಲಾದರೂ ಆಗಬಹುದಾದದ್ದೇ. ಆದರೆ ಕ್ಯಾಥೊಲಿಕ್ ತಾಯಿಗೆ ಒಂದು ಸಂಕಟ ಹೆಚ್ಚು. ಅವಳ ಚರ್ಚು ಈ ವಿಷಯದಲ್ಲಿ ಎರಡು ಮಾತು ಹೇಳುತ್ತದೆ.

1992ರಲ್ಲಿ, ಪೋಪ್ ಎರಡನೇ ಜಾನ್ ಪಾಲ್ ಕಾಲದಲ್ಲಿ ಬಂದ ಧರ್ಮಬೋಧೆಯ ಗ್ರಂಥದಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ. ಸಲಿಂಗ ಸಂಬಂಧಕ್ಕೆ ಒಪ್ಪಿಗೆ ಇಲ್ಲ, ಅಂಥವರು ಬ್ರಹ್ಮಚರ್ಯದಲ್ಲಿರಬೇಕು ಅನ್ನೋದು ಒಂದು. ಅವರನ್ನು ಗೌರವದಿಂದ, ಕನಿಕರದಿಂದ ಕಾಣಬೇಕು, ಅನ್ಯಾಯವಾಗಿ ಭೇದ ಮಾಡಬಾರದು ಅನ್ನೋದು ಇನ್ನೊಂದು. ಪಾದ್ರಿಗಳು ಪ್ರವಚನದಲ್ಲಿ ಎರಡನ್ನೂ ಹೇಳಿ ಇಳಿದುಬಿಡಬಹುದು. ತಟ್ಟೆ ಹಾಕಿ ಮಗನನ್ನು ಊಟಕ್ಕೆ ಕರೆಯಬೇಕಾದವಳು ತಾಯಿ!

ಇದನ್ನು ಅರಿತೋ ಏನೋ, 1997ರಲ್ಲಿ ಅಮೆರಿಕದ ಕ್ಯಾಥೊಲಿಕ್ ಬಿಷಪ್‌ಗಳ ಸಮಿತಿಯೊಂದು ಇಂಥ ಮಕ್ಕಳ ತಂದೆತಾಯಿಗೆಂದೇ ಒಂದು ಓಲೆ ಬರೆಯಿತು. ‘ಎಂದೆಂದೂ ನಮ್ಮ ಮಕ್ಕಳೇ’ ಎಂಬ ಅರ್ಥದ ಹೆಸರು ಅದಕ್ಕೆ. ಈ ಸ್ವಭಾವ ಸಾಮಾನ್ಯವಾಗಿ ಯಾರೂ ಬೇಕೆಂದು ಆರಿಸಿಕೊಂಡದ್ದಲ್ಲ. ಮಗುವಿನೊಂದಿಗೆ ಸಂಬಂಧ ಕಡಿದುಕೊಳ್ಳಬೇಡಿ. ಮನೆಯವರು ದೂರ ಮಾಡಿದ್ದರಿಂದಲೇ ಎಷ್ಟೋ ಮಕ್ಕಳು ಬೀದಿಪಾಲಾಗುತ್ತಾರೆ, ಮಾದಕ ವಸ್ತುಗಳಿಗೆ ಬೀಳುವ, ಜೀವ ಕಳೆದುಕೊಳ್ಳುವ ಅಪಾಯ ಹೆಚ್ಚುತ್ತದೆ ಎಂದು ಅದರಲ್ಲಿ ಬರೆದಿದ್ದರು. ನಿಮ್ಮ ತಪ್ಪು ಅಂತ ನಿಮ್ಮನ್ನೇ ಹಳಿದುಕೊಳ್ಳಬೇಡಿ ಅಂತಲೂ ಹೇಳಿದ್ದರು. ಎಷ್ಟು ತಾಯಂದಿರ ಎದೆ ಹಗುರಾಯಿತೋ!

ಬ್ರಹ್ಮಚರ್ಯದ ಮಾತನ್ನು ಮಾತ್ರ ಆ ಓಲೆಯೂ ಬಿಡಲಿಲ್ಲ. ಜೀವಮಾನವಿಡೀ ಒಂಟಿಯಾಗಿರು ಅನ್ನೋದು ಸುಲಭವೇ? ತಾವಾಗಿ ಒಪ್ಪಿದವರ ಸನ್ಯಾಸ ಬೇರೆ, ತಲೆ ಮೇಲೆ ಹೇರಿದ್ದು ಬೇರೆ. ಹಾಗಂತ ನಮ್ಮಲ್ಲಿ ಅನ್ನುವ ಹಾಗೆ, ‘ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ’ ಅನ್ನೋದೂ ಪರಿಹಾರವಲ್ಲ. ಬರುವ ಸೊಸೆಯ ಗತಿ ಏನು ಅಂತ ಒಮ್ಮೆ ಯೋಚಿಸಿ.

ಈ ವಿಷಯದಲ್ಲಿ ಬಹಳ ಕಷ್ಟಪಟ್ಟ ಒಬ್ಬ ಸನ್ಯಾಸಿನಿಯ ಕತೆ ಹೇಳಲೇಬೇಕು. ಅಮೆರಿಕದ ಸಿಸ್ಟರ್ ಜೀನಿನ್ ಗ್ರಾಮಿಕ್. 1971ರಲ್ಲಿ ಗಣಿತದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾಗ ಒಬ್ಬ ಸಲಿಂಗಿ ಯುವಕ, ನಮ್ಮಂಥವರಿಗಾಗಿ ಚರ್ಚು ಏನು ಮಾಡುತ್ತಿದೆ ಅಂತ ಆಕೆಯನ್ನು ಕೇಳಿದ. ಆ ಪ್ರಶ್ನೆ ಬಿಡಲಿಲ್ಲ. 1977ರಲ್ಲಿ ಫಾದರ್ ರಾಬರ್ಟ್ ನ್ಯೂಜೆಂಟ್ ಜೊತೆ ಸೇರಿ ‘ನ್ಯೂ ವೇಸ್ ಮಿನಿಸ್ಟ್ರಿ’ ಎಂಬ ಸಂಸ್ಥೆ ಕಟ್ಟಿದರು. ಇಂಥ ಮಕ್ಕಳು, ಅವರ ಹೆತ್ತವರು ಬಂದು ಮನಸ್ಸು ಬಿಚ್ಚಿ ಮಾತಾಡುವ ಜಾಗ ಅದು. ವ್ಯಾಟಿಕನ್ ವಿಚಾರಣೆ ನಡೆಸಿ 1999ರಲ್ಲಿ ಇಬ್ಬರಿಗೂ ಈ ಸೇವೆಯನ್ನು ಕಾಯಂ ಆಗಿ ನಿಷೇಧಿಸಿತು. ಫಾದರ್ ತಲೆಬಾಗಿದರು. ಸಿಸ್ಟರ್ ಸುಮ್ಮನಿರಲಿಲ್ಲ. ತಮ್ಮ ಮಠವೇ ಬಾಯಿ ಮುಚ್ಚಿಕೊಂಡಿರಲು ಹೇಳಿದಾಗ, 2001ರಲ್ಲಿ ಅದನ್ನು ಬಿಟ್ಟು ಲೊರೆಟ್ಟೋ ಸಿಸ್ಟರ್‌ಗಳ ಸಭೆ ಸೇರಿದರು. ಸನ್ಯಾಸ ಬಿಡಲಿಲ್ಲ, ಸೇವೆಯನ್ನೂ ಬಿಡಲಿಲ್ಲ.

2013ರಲ್ಲಿ ಪೋಪ್ ಆದ ಫ್ರಾನ್ಸಿಸ್ ಅವರ ಧಾಟಿ ಬೇರೆ. 2022ರ ಜನವರಿಯಲ್ಲಿ ಅವರು ತಂದೆತಾಯಿಗಳಿಗೆ, ಮಕ್ಕಳು ಹೀಗೆಂದು ತಿಳಿದಾಗ ಖಂಡಿಸುವುದರ ಹಿಂದೆ ಅಡಗದೆ ಅವರ ಜೊತೆಗೆ ನಡೆಯಿರಿ ಎಂದರು. 2023ರ ಡಿಸೆಂಬರಿನಲ್ಲಿ ಇಂಥ ಜೋಡಿಗಳು ಬಂದು ಕೇಳಿದರೆ ಪಾದ್ರಿಗಳು ಹರಸಬಹುದು, ಆದರೆ ಅದು ಮದುವೆಯಂತೆ ಕಾಣಬಾರದು ಎಂಬ ಆಜ್ಞೆ ಹೊರಟಿತು. ಆಫ್ರಿಕಾದ ಬಿಷಪ್‌ಗಳಲ್ಲಿ ಬಹುಪಾಲು ಜನ, ನಮ್ಮಲ್ಲಿ ಇದು ಆಗದು ಎಂದುಬಿಟ್ಟರು. ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದು ಅಪರಾಧವಲ್ಲ ಎಂದಿತಾದರೂ ಚರ್ಚಿನ ಮದುವೆ ಇಲ್ಲೂ ಇಲ್ಲ, ಎಲ್ಲೂ ಇಲ್ಲ. 1992ರ ಗ್ರಂಥದ ಬೋಧನೆಯನ್ನು ಫ್ರಾನ್ಸಿಸ್ ಕೂಡ ಬದಲಿಸಲಿಲ್ಲ. 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಆದರೆ ಅದಕ್ಕೆ ಮುಂಚೆ, 2023ರ ಅಕ್ಟೋಬರಿನಲ್ಲಿ, ಎಂಬತ್ತು ದಾಟಿದ್ದ ಸಿಸ್ಟರ್ ಜೀನಿನ್ ಅವರನ್ನು ತಾವಿದ್ದ ಮನೆಗೇ ಕರೆಸಿಕೊಂಡು ಮಾತಾಡಿಸಿದರು.