ಮನೆಯ ಹಳೆಯ ಕತ್ತಿ

ಮಹಾನವಮಿಯ ದಿನ ಅಟ್ಟದಿಂದಿಳಿದು, ಹುಣಿಸೆಹಣ್ಣಿನಿಂದಲೂ ಬೂದಿಯಿಂದಲೂ ತಿಕ್ಕಿಸಿಕೊಂಡು, ಅರಿಸಿನ ಕುಂಕುಮ ಪುಷ್ಪಗಳಿಂದ ಅಲಂಕೃತವಾಗಿ, ಮರುದಿನ ಅದೇ ತೇವದೊಡನೆ ಒರೆಯನ್ನು ಸೇರುವ ಹಳೆಯ ಕತ್ತಿಗಳು ನಮ್ಮ ಸೀಮೆಯ ಮನೆಗಳಲ್ಲಿ ಇನ್ನೂ ಕೆಲವುಂಟು. ಭಕ್ತಿಗೆ ಕೊರತೆಯಿಲ್ಲ, ಕತ್ತಿಯ ಆಯುಸ್ಸು ಮಾತ್ರ ವರ್ಷೇ ವರ್ಷೇ ಕ್ಷೀಣಿಸುತ್ತದೆ.

ನಾವೂ ಈ ಅಪರಾಧಕ್ಕೆ ಹೊರತಲ್ಲ. ನಮ್ಮ ಪಿತಾಮಹರಿಂದ ಬಂದ ಖಡ್ಗದಲ್ಲಿ ಹಿಡಿಯ ಬಳಿ ಹೊನ್ನಿನ ತಂತಿಯನ್ನು ಕೂರಿಸಿ ಬರೆದ ನಾಲ್ಕಕ್ಷರಗಳಿದ್ದುವು. ಅವನ್ನು ಸ್ಪಷ್ಟವಾಗಿ ಓದಬೇಕೆಂಬ ಆತುರದಿಂದ ಇಟ್ಟಿಗೆಯ ಪುಡಿ ಹಾಕಿ ಉಜ್ಜಿದೆವು. ಖಡ್ಗವು ಕನ್ನಡಿಯಂತಾಯಿತು, ಅಕ್ಷರಗಳು ಹೋದುವು. ಅದು ಯಾರ ಹೆಸರೆಂದು ಕೇಳೋಣವೆಂದರೆ ಮನೆಯಲ್ಲಿ ಈಗ ನಮಗಿಂತ ಹಿರಿಯರಿಲ್ಲ.

ಹಳೆಯ ಉಕ್ಕು ಸಾಮಾನ್ಯವಾದುದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಸಾಹೇಬನು, ಕಬ್ಬಿಣದ ತುಂಡನ್ನು ಗಿಡದ ಕಡ್ಡಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂಥ ಮೂಸೆಯುಕ್ಕಿನ ಅಲಗಿನ ಮೇಲೆ ಕೆಲವೊಮ್ಮೆ ನೀರಿನ ತೆರೆಗಳಂಥ ರೇಖೆಗಳು ಕಾಣುತ್ತವೆ. ಉಜ್ಜಿದರೆ ಅವೂ ಮಾಯ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಖಡ್ಗಲಕ್ಷಣವೆಂದೇ ಒಂದು ಅಧ್ಯಾಯವಿದೆ. ಕಾರಣವಿಲ್ಲದೆ ಒರೆಯಿಂದ ತೆಗೆಯಬಾರದು, ಅಲಗಿನಲ್ಲಿ ಮುಖ ನೋಡಬಾರದು, ಅಶುಚಿಯಾಗಿ ಮುಟ್ಟಬಾರದು, ಬೆಲೆಯನ್ನು ಹೇಳಬಾರದು ಎಂದು ಅವನ ವಿಧಿ. ಮುಟ್ಟಬಾರದೆಂಬುದು ಇಂದಿಗೂ ಯುಕ್ತವೇ. ಬೆರಳಿನ ಬೆವರಿನ ಉಪ್ಪಿನಿಂದ ತುಕ್ಕು ಹುಟ್ಟುತ್ತದೆ. ಬೆಲೆಯ ಮಾತನ್ನು ಮಾತ್ರ ಯಾರೂ ಕೇಳಲಿಲ್ಲ. 2023ರಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ್ದೆನ್ನುವ ಖಡ್ಗವು ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೆ ಹೋಯಿತು!

ಮನೆಯಲ್ಲಿ ಮಾಡತಕ್ಕದ್ದು ಸ್ವಲ್ಪವೇ. ಮುಟ್ಟಿದೊಡನೆ ಒಣ ಮೆತ್ತನೆಯ ಅರಿವೆಯಿಂದ ಒರಸಿ, ಹೊಲಿಗೆಯಂತ್ರಕ್ಕೆ ಬಿಡುವ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಅಡಿಗೆಯ ಎಣ್ಣೆಗಳು ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿಯುತ್ತವೆ. ಚರ್ಮದ ಒರೆ ತೇವವನ್ನು ಹೀರಿಕೊಳ್ಳುವುದರಿಂದ ಕತ್ತಿಯನ್ನೂ ಒರೆಯನ್ನೂ ಬೇರೆ ಬೇರೆ ಇಡುವುದೇ ಲೇಸು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಪುಡಿಯಾಗಿ ಉದುರುವ ಕೆಂಪು ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ಮೆಲ್ಲಗೆ ಒರಸಿ ತೆಗೆಯಬಹುದು. ಗಟ್ಟಿಯಾಗಿ ಕೂತ ಕಪ್ಪು ಬಣ್ಣವನ್ನು ಕೆಣಕಲಾಗದು. ಪೂಜೆಯ ಸಂಗತಿಯಲ್ಲಿ ನಮ್ಮ ಮನೆಯವರು ಮೊದಲು ಆಕ್ಷೇಪಿಸಿದರು. ಈಗ ಕುಂಕುಮವನ್ನು ಕತ್ತಿಯಿಟ್ಟ ಮಣೆಗೆ ಹಚ್ಚುತ್ತಾರೆ.

ಹೊಸದಾಗಿ ಸಂಗ್ರಹಿಸಬಯಸುವವರು 1959ರ ಆಯುಧ ಕಾಯಿದೆಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ನೂರು ವರ್ಷ ಮೀರಿದ ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವುದಕ್ಕೆ 1972ರ ಕಾಯಿದೆಯ ನಿಷೇಧವಿದೆ.

ಕತ್ತಿ ಯಾರದು, ಎಲ್ಲಿಂದ ಬಂತು, ಅದರ ಮೇಲೆ ಏನು ಬರೆದಿದೆ ಎಂಬುದನ್ನು ಬಲ್ಲವರಿರುವಾಗಲೇ ಚೀಟಿಯಲ್ಲಿ ಬರೆದು ಒರೆಗೆ ಕಟ್ಟಿಡಬೇಕು. ನಮ್ಮ ಚೀಟಿಯಲ್ಲಿ ನಾಲ್ಕಕ್ಷರಗಳ ಜಾಗವನ್ನು ಬರಿದು ಬಿಟ್ಟಿದ್ದೇವೆ.